ಮಂಗಳೂರು–ಉಡುಪಿ ಓಡಾಟ: ಜನ ಏನು ಕೇಳುತ್ತಾರೆ, ಎಷ್ಟು ನಂಬುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ರಸ್ತೆ, ಬಸ್ಸು, ರೈಲಿನ ಮಾತು ಬಂದರೆ ನಮ್ಮ ಕರಾವಳಿಯಲ್ಲಿ ಅಭಿಪ್ರಾಯ ಇಲ್ಲದವರು ಸಿಗುವುದಿಲ್ಲ. ಆದರೆ ಅದನ್ನು ಯಾರು ಕೇಳಿದರು, ಕೇಳಿ ಏನು ಮಾಡಿದರು ಎಂದು ಹುಡುಕಲು ಹೋದರೆ ಕೈಗೆ ಹೆಚ್ಚೇನೂ ಸಿಗುವುದಿಲ್ಲ. ವಾರ್ಡ್ ಸಮಿತಿ, ಅಪಾರ್ಟ್‌ಮೆಂಟ್ ಸಂಘ, ಕಾಲೇಜು ಪ್ರಾಜೆಕ್ಟ್ ಎಂದು ಜನಾಭಿಪ್ರಾಯ ಸಂಗ್ರಹಿಸಲು ಹೊರಟವರು, ಸುಮ್ನೆ ಕುತೂಹಲಕ್ಕೆ ಕೇಳುವವರು, ಎಲ್ಲರ ಪ್ರಶ್ನೆಗಳೂ ಇಲ್ಲಿವೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಸೇರಿದೆ.

ಇಲ್ಲಿನ ಜನರಿಗೆ ಮೊದಲು ಬೇಕಾದದ್ದು ಯಾವುದು?

ಎಲ್ಲಿ ನಿಂತು ಕೇಳುತ್ತೀರಿ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ರಾತ್ರಿ ಎಂಟೂವರೆಗೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಕೇಳಿ, "ಲಾಸ್ಟ್ ಬಸ್ಸು ಬಂದರೆ ಸಾಕು ಮಾರಾಯ್ರೇ" ಅನ್ನುತ್ತಾರೆ. ಬೆಳಗ್ಗೆ ಕೂಳೂರಿನ ಬ್ಲಾಕ್‌ನಲ್ಲಿ ಸಿಕ್ಕಿಬಿದ್ದವರಿಗೆ ಅಲ್ಲಿನ ಸೇತುವೆ ಬಿಟ್ಟು ಬೇರೆ ಯೋಚನೆ ಇಲ್ಲ. ಬೆಂಗ್ರೆಯವರು ಬಂದರಿಗೆ ದಾಟುವ ಫೆರಿಯ ವಿಷಯ ಎತ್ತುತ್ತಾರೆ. ಮಕ್ಕಳು ಬೆಂಗಳೂರಿನಲ್ಲಿರುವ ಮನೆಯಲ್ಲಿ ಮಾತು ನೇರ ಶಿರಾಡಿ ಘಾಟಿಗೆ ಹೋಗುತ್ತದೆ. ಮೀನಿನ ಬುಟ್ಟಿ ಹೊತ್ತ ಹೆಂಗಸಿಗೆ ಬುಟ್ಟಿ ಹತ್ತಿಸಿಕೊಳ್ಳುವ ಬಸ್ಸು ಬೇಕು. ಉಡುಪಿಯ ಕಲ್ಸಂಕದಲ್ಲಿ ರಸ್ತೆ ದಾಟಲು ಕಾಯುವ ಅಜ್ಜನಿಗೆ ಸಿಗ್ನಲ್ ಇನ್ನೊಂದು ಹತ್ತು ಸೆಕೆಂಡ್ ಜಾಸ್ತಿ ನಿಂತರೆ ಸಾಕು.

ಇಷ್ಟು ಬೇರೆ ಬೇರೆ ಉತ್ತರಗಳ ನಡುವೆ ಒಂದು ಸಮಾನ ಅಂಶ ಕಾಣುತ್ತದೆ. ಬೇಗ ಹೋಗಬೇಕು ಎನ್ನುವವರಿಗಿಂತ, ಹೇಳಿದ ಹೊತ್ತಿಗೆ ಹೋಗಿ ಮುಟ್ಟಬೇಕು ಎನ್ನುವವರು ಜಾಸ್ತಿ. ಬಿ.ಸಿ.ರೋಡಿನಿಂದ ಪೇಟೆಗೆ ಒಂದು ಗಂಟೆ ಬೇಕು ಎಂದರೆ ಜನ ಅದಕ್ಕೆ ತಕ್ಕಂತೆ ಮನೆ ಬಿಡುತ್ತಾರೆ. ಒಂದು ದಿನ ಮುಕ್ಕಾಲು ಗಂಟೆ, ಇನ್ನೊಂದು ದಿನ ಎರಡು ಗಂಟೆ ಆದರೆ ಯಾರಿಗೂ ಲೆಕ್ಕ ಹಾಕಲು ಆಗುವುದಿಲ್ಲ. ಸಮೀಕ್ಷೆಯ ಫಾರ್ಮ್‌ಗಳಲ್ಲಿ "ವೇಗ" ಎಂಬ ಕಾಲಂ ಇರುತ್ತದೆ. ಹೇಳಿದ ಹೊತ್ತಿಗೆ ಮುಟ್ಟುವುದಕ್ಕೆ ಕಾಲಂ ಇರುವುದೇ ಇಲ್ಲ.

ಫ್ಲೈಓವರ್, ಚತುಷ್ಪಥ ಕೇಳುವವರೇ ಜಾಸ್ತಿ ಅಲ್ವಾ?

ನಮಗೆ ಕೇಳಿಸುವುದು ಅವರ ದನಿಯೇ ಜಾಸ್ತಿ. ಕಾರಿನಲ್ಲಿ ಹೋಗುವವರು ಪತ್ರಿಕೆಗೆ ಪತ್ರ ಬರೆಯುತ್ತಾರೆ, ವಿಡಿಯೊ ಹಾಕುತ್ತಾರೆ, ಶಾಸಕರ ಮನೆಗೂ ಹೋಗಬಲ್ಲರು. ಫುಟ್‌ಬೋರ್ಡ್‌ನಲ್ಲಿ ನೇತಾಡುವ ಕಾಲೇಜು ಹುಡುಗನಿಗೆ ಅದಕ್ಕೆಲ್ಲ ಪುರಸೊತ್ತಿಲ್ಲ. ಫ್ಲೈಓವರ್ ಬೇಡ ಎಂದು ನಾನು ಹೇಳುತ್ತಿಲ್ಲ. ನಂತೂರು, ಕೆಪಿಟಿ ಜಂಕ್ಷನ್‌ಗಳಲ್ಲಿ ಹೆದ್ದಾರಿಯ ಲಾರಿಯೂ ಪೇಟೆಯ ಸ್ಕೂಟರೂ ಒಂದೇ ಕಡೆ ತಿರುಗಬೇಕಾದರೆ ಬೇರೆ ದಾರಿ ಏನಿದೆ?

ಆದರೆ ಒಂದು ಮಾತು ನೆನಪಿರಲಿ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲೇ ರಸ್ತೆ ಇರುವುದು ಜನರ ಓಡಾಟಕ್ಕೆ, ಬರೀ ವಾಹನಗಳ ಓಡಾಟಕ್ಕಲ್ಲ ಎಂಬ ಅರ್ಥದ ಗುರಿ ಇದೆ. ಆ ಲೆಕ್ಕದಲ್ಲಿ ಅರುವತ್ತು ಜನರಿರುವ ಒಂದು ಸಿಟಿ ಬಸ್ಸಿಗೆ ಒಬ್ಬರೇ ಕೂತಿರುವ ಕಾರಿನ ಅರುವತ್ತು ಪಾಲು ಬೆಲೆ ಬರಬೇಕು. ಬಂದಿದೆಯಾ ಎಂದು ನೀವೇ ನೋಡಿ.

ಖಾಸಗಿ ಬಸ್ಸುಗಳ ಬಗ್ಗೆ ಜನರ ಅಭಿಪ್ರಾಯ ನಿಜವಾಗಿ ಏನು?

ಇದು ಎರಡೂ ಕಡೆ ಎಳೆಯುವ ವಿಷಯ. ಹೊರಗಿನಿಂದ ಬಂದವರಿಗೆ ಬೇಗ ಅರ್ಥ ಆಗುವುದಿಲ್ಲ.

ಕೆನರಾ ಪಬ್ಲಿಕ್ ಕನ್ವೇಯನ್ಸ್, ಅಂದರೆ ಸಿಪಿಸಿ, ಇಲ್ಲಿ ಶುರುವಾದದ್ದು 1914ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಬಸ್ಸು ಅಂದರೆ ಮೊದಲು ಖಾಸಗಿ ಬಸ್ಸೇ. ಮಂಗಳೂರು–ಉಡುಪಿ–ಮಣಿಪಾಲ ದಾರಿಯಲ್ಲಿ ಹಗಲು ಹೊತ್ತು ಒಂದು ಎಕ್ಸ್‌ಪ್ರೆಸ್ ತಪ್ಪಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹಿಂದೆಯೇ ಇನ್ನೊಂದು ಬರುತ್ತದೆ. ಕರ್ನಾಟಕದಲ್ಲಿ ಇಷ್ಟು ಬಸ್ಸು ಕಾಣುವ ಊರುಗಳು ಕಡಿಮೆ. ಕೈ ತೋರಿಸಿದಲ್ಲಿ ನಿಲ್ಲಿಸುತ್ತಾರೆ, ಪರಿಚಯದ ಕಂಡಕ್ಟರ್ ಚಿಲ್ಲರೆ ನಾಳೆ ಕೊಡಿ ಅನ್ನುತ್ತಾರೆ, ಮನೆಗೆ ತಲುಪಿಸಬೇಕಾದ ಔಷಧದ ಪೊಟ್ಟಣವೂ ಬಸ್ಸಿನಲ್ಲೇ ಹೋಗುತ್ತದೆ. ಈ ಪ್ರೀತಿ ಸುಳ್ಳಲ್ಲ.

ಅದೇ ಜನ ಬೈಯುವುದೂ ಅದೇ ಬಸ್ಸಿಗೆ. ಟೈಮಿಂಗ್ ಜಗಳದಲ್ಲಿ ಒಂದರ ಹಿಂದೆ ಒಂದು ಓಡುವುದು, ಕಿವಿ ಹರಿಯುವ ಹಾರ್ನು, ಸ್ಟಾಪ್ ಬಿಟ್ಟು ರಸ್ತೆ ಮಧ್ಯೆ ನಿಲ್ಲಿಸುವುದು, ಬಾಗಿಲು ತೆರೆದೇ ಓಡುವುದು. ಎಲ್ಲಕ್ಕಿಂತ ಮೇಲೆ ಟ್ರಿಪ್ ಕಟ್. ಪರ್ಮಿಟ್‌ನಲ್ಲಿ ರಾತ್ರಿಯ ಟ್ರಿಪ್ ಇರುತ್ತದೆ, ರಸ್ತೆಯಲ್ಲಿ ಬಸ್ಸು ಇರುವುದಿಲ್ಲ. ಭಾನುವಾರ ಇನ್ನೂ ಕಷ್ಟ. ಮಾಲಕರ ಕಡೆಯಿಂದ ಕೇಳಿದರೆ ಅವರಿಗೂ ಒಂದು ಲೆಕ್ಕ ಇದೆ. ಕತ್ತಲಾದ ಮೇಲೆ ಒಳದಾರಿಗಳಲ್ಲಿ ಸೀಟು ಖಾಲಿ, ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ. ಆದರೆ ಬಸ್ಸು ಬರುವುದಿಲ್ಲ ಎಂದು ಗೊತ್ತಾದ ಮೇಲೆ ಜನ ಕಾಯುವುದನ್ನೇ ಬಿಡುತ್ತಾರೆ. ಕಂತಿನಲ್ಲಿ ಸ್ಕೂಟರ್ ತೆಗೆಯುತ್ತಾರೆ. ಸೀಟು ಇನ್ನಷ್ಟು ಖಾಲಿ. ಇದು ಸುತ್ತಿಕೊಂಡು ಹೋಗುವ ಕತೆ.

ಹಾಗಾಗಿ "ಖಾಸಗಿ ಬಸ್ಸು ಒಳ್ಳೆಯದಾ, ಕೆಟ್ಟದ್ದಾ?" ಎಂದು ಕೇಳಬೇಡಿ. ಹಗಲಿನ ಬಸ್ಸಿಗೂ ರಾತ್ರಿಯ ಬಸ್ಸಿಗೂ ಬೇರೆ ಬೇರೆ ಅಂಕ ಕೇಳಿ. ಉತ್ತರ ಒಂದೇ ಸಲಕ್ಕೆ ಸ್ಪಷ್ಟ ಆಗುತ್ತದೆ.

ಶಕ್ತಿ ಯೋಜನೆ ಬಂದ ಮೇಲೆ ಅಭಿಪ್ರಾಯ ಬದಲಾಗಿದೆಯಾ?

ಬದಲಾಗಿದೆ. ಈ ಯೋಜನೆಯಲ್ಲಿ 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಪ್ರಯಾಣ ಉಚಿತ. ಬೆಂಗಳೂರು, ಮೈಸೂರಿನಲ್ಲಿ ಮನೆ ಬಾಗಿಲಿನ ಸಿಟಿ ಬಸ್ಸೇ ಸರ್ಕಾರದ್ದು. ಇಲ್ಲಿ ಸಿಟಿ ಬಸ್ಸು ಬಹುಪಾಲು ಖಾಸಗಿ. ದಿನಾ ಬೀಡಿ ಬ್ರಾಂಚ್‌ಗೆ, ಬಟ್ಟೆ ಅಂಗಡಿಗೆ, ಆಸ್ಪತ್ರೆಯ ಕೆಲಸಕ್ಕೆ ಹೋಗುವ ಹೆಂಗಸರು ಕೈಯಿಂದ ದುಡ್ಡು ಕೊಟ್ಟೇ ಹೋಗುತ್ತಾರೆ. ಧರ್ಮಸ್ಥಳಕ್ಕೆ ಹೋಗಲು ಉಚಿತ, ಕೆಲಸಕ್ಕೆ ಹೋಗಲು ದುಡ್ಡು ಎಂದು ತಮಾಷೆ ಮಾಡುವವರಿದ್ದಾರೆ.

ಹಾಗಾಗಿ ನರ್ಮ್ ಬಸ್, ಅಂದರೆ ಸರ್ಕಾರಿ ಸಿಟಿ ಬಸ್, ಜಾಸ್ತಿ ಮಾಡಿ ಎಂಬ ಬೇಡಿಕೆ ಉಡುಪಿಯಲ್ಲೂ ಮಂಗಳೂರಿನಲ್ಲೂ ಏರಿತು. ಕೇಂದ್ರ ಸಂಪುಟ 2023ರ ಆಗಸ್ಟ್‌ನಲ್ಲಿ 10,000 ವಿದ್ಯುತ್ ಬಸ್ಸುಗಳ ಪಿಎಂ ಇ-ಬಸ್ ಸೇವಾ ಯೋಜನೆಗೆ ಒಪ್ಪಿಗೆ ಕೊಟ್ಟಾಗಲೂ ಇಲ್ಲಿ ಅದೇ ಆಸೆ ಚಿಗುರಿತು. ಈ ವಿಷಯದಲ್ಲಿ ಗಂಡಸರ ಮತ್ತು ಹೆಂಗಸರ ಉತ್ತರವನ್ನು ಒಂದೇ ಪಾತ್ರೆಗೆ ಹಾಕಿ ಸರಾಸರಿ ತೆಗೆಯಬಾರದು. ತೆಗೆದರೆ ಯಾರ ಅಭಿಪ್ರಾಯವೂ ಅಲ್ಲದ ಒಂದು ಅಂಕಿ ಬರುತ್ತದೆ.

ರೈಲು ಜನರ ಪಟ್ಟಿಯಲ್ಲಿ ಎಷ್ಟನೆಯದು?

ಬಾಯಲ್ಲಿ ಮೇಲೆ, ದಿನದ ಬದುಕಿನಲ್ಲಿ ಕೆಳಗೆ.

ಮಂಗಳೂರು–ಉಡುಪಿ ನಡುವೆ ಕೊಂಕಣ ರೈಲು ಓಡಲು ಶುರುವಾದದ್ದು 1993ರಲ್ಲಿ. ಮುಂದೆ 1998ರಲ್ಲಿ ಇಡೀ ಮಾರ್ಗ ತೆರೆಯಿತು. ಆದರೂ ಉಡುಪಿಯಿಂದ ಮಂಗಳೂರಿಗೆ ಕೆಲಸಕ್ಕೆ ಹೋಗುವವರು ಹೆಚ್ಚಾಗಿ ಬಸ್ಸನ್ನೇ ಹಿಡಿಯುತ್ತಾರೆ. ಉಡುಪಿ ನಿಲ್ದಾಣ ಇಂದ್ರಾಳಿಯಲ್ಲಿ, ಪೇಟೆಯಿಂದ ಆಚೆ. ಇತ್ತ ದೂರದ ರೈಲುಗಳಲ್ಲಿ ಹಲವು ಮಂಗಳೂರು ಜಂಕ್ಷನ್‌ನಲ್ಲಿ ನಿಂತು ಹಾಗೆಯೇ ಮುಂದೆ ಹೋಗುತ್ತವೆ, ಪೇಟೆಯೊಳಗಿನ ಸೆಂಟ್ರಲ್‌ಗೆ ಬರುವುದಿಲ್ಲ. ಎರಡು ಕಡೆ ರಿಕ್ಷಾ ಬಾಡಿಗೆ ಸೇರಿಸಿದರೆ ಎಕ್ಸ್‌ಪ್ರೆಸ್ ಬಸ್ಸಿನ ಟಿಕೆಟ್ಟೇ ಅಗ್ಗ. 2023ರ ಡಿಸೆಂಬರ್ 30ರಂದು ಮಂಗಳೂರು–ಮಡಗಾಂವ್ ವಂದೇ ಭಾರತ್ ಬಂದಾಗ ಸಂಭ್ರಮ ಇತ್ತು, ಸರಿ. ಆದರೆ ಬೆಳಗ್ಗೆ ಸುರತ್ಕಲ್, ಮೂಲ್ಕಿ, ಪಡುಬಿದ್ರಿಯವರನ್ನು ಆಫೀಸ್ ಹೊತ್ತಿಗೆ ತಂದು ಬಿಡುವ ಸಾದಾ ಲೋಕಲ್ ರೈಲುಗಳನ್ನು ಕೇಳುವವರಿಗೆ ಅದರಿಂದ ಏನೂ ಸಿಗಲಿಲ್ಲ.

ಇನ್ನೊಂದು ತೊಡಕು ಇದೆ. ಮಂಗಳೂರಿನ ರೈಲು ಒಬ್ಬರ ಕೈಯಲ್ಲಿಲ್ಲ. ಸೆಂಟ್ರಲ್ ಮತ್ತು ಜಂಕ್ಷನ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರುತ್ತವೆ. ಸುಬ್ರಹ್ಮಣ್ಯದ ಕಡೆ ಹೋದರೆ ನೈರುತ್ಯ ರೈಲ್ವೆಯ ಮೈಸೂರು ವಿಭಾಗ. ತೋಕೂರು ದಾಟಿದರೆ ಕೊಂಕಣ ರೈಲ್ವೆ. ಒಂದು ರೈಲಿನ ಸಮಯ ಬದಲಿಸಲು ಮೂರು ಮನೆ ಬಾಗಿಲು ತಟ್ಟಬೇಕು. ಮಂಗಳೂರನ್ನು ನೈರುತ್ಯ ರೈಲ್ವೆಗೆ ಸೇರಿಸಿ ಎಂಬ ಕೂಗು ಹಳೆಯದು. ರೈಲಿನ ವಿಷಯದಲ್ಲಿ ಜನರಿಗೆ ಆಸೆ ಇದ್ದೂ ಭರವಸೆ ಇಲ್ಲದ್ದಕ್ಕೆ ಮುಖ್ಯ ಕಾರಣ ಇದೇ ಎಂದು ನನಗೆ ಅನಿಸುತ್ತದೆ. ಯಾರನ್ನು ಕೇಳಬೇಕು ಎಂದೇ ಗೊತ್ತಿಲ್ಲದಿದ್ದರೆ ಭರವಸೆ ಎಲ್ಲಿಂದ ಬರಬೇಕು?

"ಮುಂದೆ ಸರಿಹೋಗುತ್ತದೆ" ಎನ್ನುವ ನಂಬಿಕೆ ಇಷ್ಟು ಕಡಿಮೆ ಯಾಕೆ?

ಪಂಪ್‌ವೆಲ್ ಎಂದು ಒಂದು ಶಬ್ದ ಹೇಳಿದರೆ ಸಾಕು, ಮಂಗಳೂರಿನವರು ನಗುತ್ತಾರೆ. ಅಲ್ಲಿನ ಫ್ಲೈಓವರ್ ಕೆಲಸ ಸುಮಾರು ಹತ್ತು ವರ್ಷ ಹಿಡಿಯಿತು. ಇಂತಿಂಥ ತಾರೀಕಿಗೆ ತೆರೆಯುತ್ತೇವೆ ಎಂದು ಹೇಳಿ ಮುಂದೆ ಹಾಕಿ, ಮತ್ತೆ ಹೇಳಿ ಮತ್ತೆ ಮುಂದೆ ಹಾಕಿ, ಕೊನೆಗೆ 2020ರ ಜನವರಿ 31ಕ್ಕೆ ತೆರೆಯಿತು. ಆ ಹೊತ್ತಿಗೆ ಮೊಬೈಲ್ ತುಂಬ ಜೋಕು. ಕೆಲಸ ಮುಗಿದರೂ ಜೋಕು ಮುಗಿಯಲಿಲ್ಲ, ಯಾಕೆಂದರೆ ಮಳೆ ಜೋರಾದರೆ ಫ್ಲೈಓವರ್ ಕೆಳಗೆ ನೀರು ನಿಲ್ಲುತ್ತದೆ.

ಉಡುಪಿಯವರಿಗೆ ಇಂದ್ರಾಳಿಯ ರೈಲ್ವೆ ಮೇಲ್ಸೇತುವೆ, ಸಂತೆಕಟ್ಟೆಯ ಅಂಡರ್‌ಪಾಸ್. ಬಂಟ್ವಾಳದ ಕಡೆಯವರಿಗೆ ಕಲ್ಲಡ್ಕದ ಕೆಸರು ಮತ್ತು ಧೂಳು, ಋತುವಿಗೆ ತಕ್ಕಂತೆ. ಕುಂದಾಪುರಕ್ಕೆ ಶಾಸ್ತ್ರಿ ಸರ್ಕಲ್. ಪ್ರತಿ ಊರಿಗೂ ಅದರದ್ದೇ ಒಂದು ಪಂಪ್‌ವೆಲ್ ಇದೆ. ಬಿ.ಸಿ.ರೋಡ್–ಅಡ್ಡಹೊಳೆ ಚತುಷ್ಪಥವಂತೂ ಮೊದಲ ಗುತ್ತಿಗೆದಾರರು ಅರ್ಧಕ್ಕೆ ಬಿಟ್ಟು, ಹೊಸದಾಗಿ ಟೆಂಡರ್ ಆಗಿ ಮುಂದುವರಿದ ಕೆಲಸ.

ಹೇಳಿದ ಲೆಕ್ಕ ತಪ್ಪುವುದು ನಮ್ಮಲ್ಲಿ ಮಾತ್ರ ಅಲ್ಲ. ಡೆನ್ಮಾರ್ಕ್‌ನ ಸಂಶೋಧಕರು 20 ದೇಶಗಳ 258 ಸಾರಿಗೆ ಯೋಜನೆಗಳ ಲೆಕ್ಕ ತೆಗೆದು 2002ರಲ್ಲಿ ಪ್ರಕಟಿಸಿದರು. ಹತ್ತರಲ್ಲಿ ಒಂಬತ್ತು ಯೋಜನೆಗಳ ಖರ್ಚು ಮೊದಲು ಹೇಳಿದ್ದಕ್ಕಿಂತ ಜಾಸ್ತಿ ಆಗಿತ್ತು. ರೈಲು ಯೋಜನೆಗಳಲ್ಲಿ ಸರಾಸರಿ ಶೇ. 45ರಷ್ಟು, ರಸ್ತೆಗಳಲ್ಲಿ ಶೇ. 20ರಷ್ಟು ಹೆಚ್ಚಳ. ನಮ್ಮಲ್ಲಿ ಇದರ ಮೇಲೆ ಭೂಸ್ವಾಧೀನದ ಕೇಸು, ರೈಲ್ವೆಯ ಒಪ್ಪಿಗೆ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಮಳೆ ಎಲ್ಲ ಸೇರುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಣ್ಣಿನ ಕೆಲಸ ನಡೆಯುವುದಿಲ್ಲ ಎಂದು ಇಲ್ಲಿನ ಮಕ್ಕಳಿಗೂ ಗೊತ್ತು. ತಾರೀಕು ಹೇಳುವವರಿಗೆ ಮಾತ್ರ ಅದು ಪ್ರತಿ ವರ್ಷ ಹೊಸ ಸುದ್ದಿ.

ಜನ ಸಿಟ್ಟಾಗುವುದು ತಡವಾದದ್ದಕ್ಕಿಂತ ಯಾಕೆ ತಡವಾಯಿತು ಎಂದು ಯಾರೂ ಹೇಳದ್ದಕ್ಕೆ. ಇದು ನನ್ನ ಅಂದಾಜು. ಸಮೀಕ್ಷೆಯಲ್ಲಿ ಇದನ್ನೂ ಒಂದು ಪ್ರಶ್ನೆ ಮಾಡಿ ನೋಡಿ.

ಹಾಗಾದರೆ ಜನರಿಗೆ ಯಾವುದರ ಮೇಲೂ ನಂಬಿಕೆ ಇಲ್ಲವಾ?

ಇದೆ. ಎಲ್ಲಿ ಇದೆ ಎಂದು ನೋಡಿದರೆ ಆಸಕ್ತಿ ಹುಟ್ಟುತ್ತದೆ.

ಉಡುಪಿಯಲ್ಲಿ ಪರ್ಯಾಯ, ಅಂದರೆ ಕೃಷ್ಣ ಮಠದ ಪೂಜೆಯ ಅಧಿಕಾರ ಕೈ ಬದಲಾಗುವ ಉತ್ಸವ, ಬರುವ ವರ್ಷ ಗಮನಿಸಿ. ಎರಡು ವರ್ಷಕ್ಕೊಮ್ಮೆ ಜನವರಿ 18. ಆ ತಾರೀಕನ್ನು ಯಾವ ಇಂಜಿನಿಯರೂ ಗುತ್ತಿಗೆದಾರರೂ ಮುಂದೆ ಹಾಕುವ ಹಾಗಿಲ್ಲ. ಹಾಗಾಗಿ ಡಿಸೆಂಬರ್ ಬಂದರೆ ಪೇಟೆಯ ಹೊಂಡಗಳಿಗೆ ಡಾಂಬರು ಬೀಳುತ್ತದೆ, ಬೀದಿ ದೀಪ ಉರಿಯುತ್ತದೆ. "ಪರ್ಯಾಯಕ್ಕೆ ಮೊದಲು ಆಗುತ್ತದೆ" ಎಂದು ಯಾರಾದರೂ ಹೇಳಿದರೆ ಉಡುಪಿಯವರು ನಂಬುತ್ತಾರೆ. "ಮಾರ್ಚ್ ಒಳಗೆ ಆಗುತ್ತದೆ" ಎಂದರೆ ಯಾವ ವರ್ಷದ ಮಾರ್ಚ್ ಎಂದು ಕೇಳುತ್ತಾರೆ.

ಇನ್ನೊಂದು ಉದಾಹರಣೆ ಸುರತ್ಕಲ್ ಟೋಲ್. ವರ್ಷಗಟ್ಟಲೆ ವಿರೋಧ ಇತ್ತು. 2022ರ ಕೊನೆಗೆ ಹಗಲು ರಾತ್ರಿ ಧರಣಿ ನಡೆಯಿತು. ಅದೇ ವರ್ಷ ಡಿಸೆಂಬರ್ 1ರಿಂದ ಅಲ್ಲಿ ಸುಂಕ ವಸೂಲಿ ನಿಂತಿತು. ಹೆಜಮಾಡಿಯ ಟೋಲ್ ಉಳಿದುಕೊಂಡಿತು, ಅದು ಬೇರೆ ಮಾತು. ಜನ ಕೂತರೆ ಏನೋ ಒಂದು ಅಲ್ಲಾಡುತ್ತದೆ ಎಂಬ ನಂಬಿಕೆ ಆ ಮೇಲೆ ಜಾಸ್ತಿ ಆಯಿತು. ಸರ್ಕಾರದ ಮೇಲೆ ನಂಬಿಕೆ ಬಂತು ಎಂದು ಇದನ್ನು ಓದಬೇಡಿ. ತಮ್ಮ ಮೇಲೆ ಬಂತು. ಸಮೀಕ್ಷೆಯಲ್ಲಿ ಇವೆರಡನ್ನು ಬೇರೆ ಬೇರೆ ಕೇಳಬೇಕು.

ಜಲ ಮೆಟ್ರೊ ಬರುತ್ತದೆ ಎಂದು ಜನ ನಂಬಿದ್ದಾರಾ?

ಕೊಚ್ಚಿಯಲ್ಲಿ 2023ರ ಏಪ್ರಿಲ್‌ನಲ್ಲಿ ಶುರುವಾದ ಈ ದೋಣಿ ಸೇವೆಯನ್ನು ನೋಡಿ ಬಂದವರು ಇಲ್ಲೂ ಬೇಕು ಅನ್ನುತ್ತಾರೆ. ನೇತ್ರಾವತಿ, ಫಲ್ಗುಣಿ ಎರಡೂ ಪೇಟೆಯನ್ನು ಸುತ್ತಿಕೊಂಡೇ ಹರಿಯುತ್ತವೆ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ದಾಟುವುದು ನಮಗೆ ಹೊಸದೂ ಅಲ್ಲ. ಆದರೆ "ಬೇಕಾ?" ಎಂದರೆ ಹೌದು ಎನ್ನುವವರೇ "ಬರುತ್ತದಾ?" ಎಂದರೆ ನಗುತ್ತಾರೆ. ಈಗ ಇರುವ ಫೆರಿಗೆ ಒಳ್ಳೆಯ ಜೆಟ್ಟಿ, ಮಳೆಗೆ ನೆರಳು, ಲೈಫ್ ಜಾಕೆಟ್ ಮೊದಲು ಕೊಟ್ಟರೆ ಉತ್ತರ ಬದಲಾದೀತು.

ಘಾಟಿ ಮುಚ್ಚುವುದನ್ನೂ ಸಮೀಕ್ಷೆಗೆ ಸೇರಿಸಬೇಕಾ?

ಖಂಡಿತ. ಶಿರಾಡಿ ಘಾಟಿ 2015ರಲ್ಲೂ 2018ರಲ್ಲೂ ಕಾಂಕ್ರೀಟ್ ಕೆಲಸಕ್ಕೆ ತಿಂಗಳುಗಟ್ಟಲೆ ಮುಚ್ಚಿತ್ತು. 2024ರ ಜುಲೈ ಕೊನೆಗೆ ಎಡಕುಮೇರಿ ಹತ್ತಿರ ಮಣ್ಣು ಕುಸಿದು ಬೆಂಗಳೂರು ರೈಲೂ ಹಲವು ದಿನ ನಿಂತಿತು. ರಸ್ತೆ ಇಲ್ಲ, ರೈಲಿಲ್ಲ, ವಿಮಾನದ ಟಿಕೆಟ್ ಮುಟ್ಟುವ ಹಾಗಿಲ್ಲ. ಇಂಥ ವಾರದಲ್ಲಿ ಕೇಳಿದರೆ ಎಲ್ಲರೂ ಸುರಂಗ ಬೇಕು ಅನ್ನುತ್ತಾರೆ. ಡಿಸೆಂಬರ್‌ನಲ್ಲಿ ಕೇಳಿದರೆ ಅದೇ ಜನ ಪಾರ್ಕಿಂಗ್ ಬಗ್ಗೆ ಮಾತಾಡುತ್ತಾರೆ. ಒಂದೇ ಸಲ ಕೇಳಿ ವರದಿ ಬರೆಯುವವರು ಇದನ್ನು ಮರೆಯುತ್ತಾರೆ. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಕೇಳಿ. ಎರಡೂ ಸಲ ಮೇಲೆ ಉಳಿದದ್ದು ಯಾವುದೋ ಅದೇ ನಿಜವಾದ ಆದ್ಯತೆ.

ವಾಟ್ಸಾಪ್ ಪೋಲ್ ಹಾಕಿದರೆ ಸಾಲದಾ?

ಅಪಾರ್ಟ್‌ಮೆಂಟಿನ ಗೇಟಿನ ಬಣ್ಣ ಯಾವುದಿರಲಿ ಎಂದು ತೀರ್ಮಾನಿಸಲು ಸಾಕು. ಊರಿನ ಓಡಾಟಕ್ಕೆ ಸಾಲದು. ಗ್ರೂಪಿನಲ್ಲಿ ಇರುವವರು ಒಂದೇ ಥರದವರು. ಅಮೆರಿಕದಲ್ಲಿ 1936ರಲ್ಲಿ ಒಂದು ಪತ್ರಿಕೆ 20 ಲಕ್ಷಕ್ಕೂ ಜಾಸ್ತಿ ಜನರ ಉತ್ತರ ತರಿಸಿ, ಅಧ್ಯಕ್ಷ ಚುನಾವಣೆಯಲ್ಲಿ ರೂಸ್‌ವೆಲ್ಟ್ ಸೋಲುತ್ತಾರೆ ಎಂದಿತು. ಅವರು 48ರಲ್ಲಿ 46 ರಾಜ್ಯ ಗೆದ್ದರು. ಪತ್ರಿಕೆ ಜಾಸ್ತಿ ಹುಡುಕಿದ್ದು ಕಾರು, ಫೋನು ಇದ್ದವರನ್ನು. ನಮ್ಮ ಗ್ರೂಪುಗಳಲ್ಲೂ ಕಾರಿದ್ದವರ ಬೆರಳೇ ಬೇಗ ಓಡುತ್ತದೆ.

ಸಿಕ್ಕದೇ ಹೋಗುವವರು ಯಾರು? ಬೀಡಿ ಕಟ್ಟುವವರು. ಮೀನಿನ ಧಕ್ಕೆಯಲ್ಲಿ ರಾತ್ರಿ ಕೆಲಸ ಮಾಡುವವರು. ಉತ್ತರ ಕರ್ನಾಟಕದಿಂದ ಬಂದ ಕಟ್ಟಡ ಕಾರ್ಮಿಕರು. ವೋಟು ಇಲ್ಲದ ಶಾಲಾ ಮಕ್ಕಳು. ಇವರೆಲ್ಲ ಬಸ್ಸು ಮತ್ತು ಕಾಲನ್ನೇ ನಂಬಿದವರು.

ಎಷ್ಟು ಜನರನ್ನು ಕೇಳಬೇಕು?

ಚೀಟಿ ಎತ್ತಿದ ಹಾಗೆ ಯಾರು ಬೇಕಾದರೂ ಬರುವಂತೆ ಆರಿಸಿದರೆ ಸುಮಾರು 400 ಜನ ಸಾಕು. ಆಗ ಅಂಕಿ ಆಚೆ ಈಚೆ ಆಗುವುದು ಸಾಮಾನ್ಯವಾಗಿ ಶೇ. 5ರಷ್ಟರೊಳಗೆ. 1,000 ಜನರಾದರೆ ಶೇ. 3ರಷ್ಟು. ಮಂಗಳೂರಿನ 60 ವಾರ್ಡ್‌ಗಳಲ್ಲಿ ಪ್ರತಿ ವಾರ್ಡಿನದ್ದೂ ಬೇರೆ ಬೇರೆ ಅಂಕಿ ಬೇಕು ಎಂದರೆ ಮಾತ್ರ ತುಂಬಾ ಜಾಸ್ತಿ ಜನ ಬೇಕಾಗುತ್ತದೆ. ಅಷ್ಟು ಆಸೆ ಪಡಬೇಡಿ.

ಪ್ರಶ್ನೆ ಹೇಗೆ ಕೇಳಿದರೆ ಒಳ್ಳೆಯದು?

"ನಿಮಗೆ ಉತ್ತಮ ರಸ್ತೆ ಬೇಕೇ?" ಎಂದು ಕೇಳಿದರೆ ಬೇಡ ಎನ್ನುವವರು ಯಾರಿದ್ದಾರೆ? ಆರಿಸಲೇಬೇಕಾದ ಹಾಗೆ ಕೇಳಿ. ಕೈಯಲ್ಲಿ 100 ರೂಪಾಯಿ ಇದೆ ಎಂದಿಟ್ಟುಕೊಳ್ಳಿ, ಫುಟ್‌ಪಾತ್, ರಾತ್ರಿ ಬಸ್, ಚರಂಡಿ, ಫ್ಲೈಓವರ್, ರೈಲು, ಸಿಗ್ನಲ್ ಇಷ್ಟಕ್ಕೂ ಹಂಚಿ ಎನ್ನಿ. ಜನ ತಲೆ ಕೆರೆದುಕೊಳ್ಳುತ್ತಾರೆ. ತಲೆ ಕೆರೆದುಕೊಂಡ ಮೇಲೆ ಬರುವ ಉತ್ತರಕ್ಕೇ ಬೆಲೆ.

ಆ ಮೇಲೆ ಅದೇ ಪಟ್ಟಿ ಹಿಡಿದು ಎರಡನೇ ಪ್ರಶ್ನೆ: ಇವುಗಳಲ್ಲಿ ಯಾವುದು ಮೂರು ವರ್ಷದಲ್ಲಿ ಸರಿಹೋಗುತ್ತದೆ ಎಂದು ನಂಬುತ್ತೀರಿ? ಇಡೀ ಸಮೀಕ್ಷೆಯಲ್ಲಿ ನನಗೆ ಮುಖ್ಯ ಅನಿಸುವುದು ಈ ಎರಡು ಉತ್ತರಗಳ ನಡುವಿನ ಅಂತರ. ತುಂಬಾ ಬೇಕು, ಆದರೆ ಬರುವುದಿಲ್ಲ ಎಂದು ಜನ ಎಲ್ಲಿ ಗುರುತು ಹಾಕುತ್ತಾರೋ ಅಲ್ಲಿ ಕೈಬಿಟ್ಟಿದ್ದಾರೆ ಎಂದರ್ಥ. ಕೈಬಿಟ್ಟವರು ದೂರು ಕೊಡುವುದಿಲ್ಲ. ದೂರು ಇಲ್ಲದ್ದನ್ನು ನೋಡಿ ಕಚೇರಿಯಲ್ಲಿ ಸಮಸ್ಯೆಯೇ ಇಲ್ಲ ಅಂದುಕೊಳ್ಳುತ್ತಾರೆ. ಫುಟ್‌ಪಾತ್ ವಿಷಯದಲ್ಲಿ ಆದದ್ದು ಹೀಗೆಯೇ.

ಭಾಷೆಯ ಕಡೆಗೂ ಗಮನ ಕೊಡಿ. ಫಾರ್ಮ್ ಕನ್ನಡದಲ್ಲಿರಲಿ, ಮಾತು ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ನಡೆಯಲಿ. ಮನೆಗೆ ಹೋದಾಗ ಗಂಡಸರು ಉತ್ತರ ಕೊಟ್ಟು ಕಳುಹಿಸಿಬಿಟ್ಟಾರು, ಒಳಗಿರುವ ಅಮ್ಮನನ್ನೂ ಅಕ್ಕನನ್ನೂ ಕೇಳಿಯೇ ಬನ್ನಿ.

ಸರ್ಕಾರವೇ ಇದನ್ನೆಲ್ಲ ಕೇಳಿಲ್ಲವಾ?

ಸ್ವಲ್ಪ ಕೇಳಿದೆ. 2011ರ ಜನಗಣತಿಯಲ್ಲಿ ಕೆಲಸಕ್ಕೆ ಎಷ್ಟು ದೂರ, ಯಾವುದರಲ್ಲಿ ಹೋಗುತ್ತೀರಿ ಎಂಬ ಪ್ರಶ್ನೆ ಇತ್ತು. ಕೃಷಿಯಲ್ಲಿ, ಮನೆ ಕೈಗಾರಿಕೆಯಲ್ಲಿ ಇರುವವರನ್ನು ಅದರಿಂದ ಬಿಟ್ಟಿದ್ದರು. 2020ರ ಜೀವನ ಸುಗಮತೆ ಸೂಚ್ಯಂಕದಲ್ಲಿ 111 ನಗರಗಳ ಅಂಕದ ಶೇ. 30 ಪಾಲು ಜನಾಭಿಪ್ರಾಯದ್ದು. ಆದರೆ ಅದರಿಂದ ನಮ್ಮ ಪಡೀಲಿನವರಿಗೋ ಅಂಬಲಪಾಡಿಯವರಿಗೋ ಏನು ಬೇಕು ಎಂದು ತಿಳಿಯುವುದಿಲ್ಲ.

ಜನ ಬೇಡ ಎಂದದ್ದನ್ನು ಮಾಡಬಹುದಾ?

ಕಷ್ಟದ ಪ್ರಶ್ನೆ. ಸ್ಟಾಕ್‌ಹೋಮ್‌ನಲ್ಲಿ ಪೇಟೆಯೊಳಗೆ ಬರುವ ಕಾರುಗಳಿಗೆ ಶುಲ್ಕ ಹಾಕುತ್ತೇವೆ ಎಂದಾಗ ಹೆಚ್ಚಿನವರು ವಿರೋಧಿಸಿದರು. 2006ರ ಜನವರಿಯಿಂದ ಜುಲೈ ತನಕ ಪ್ರಯೋಗ ಮಾಡಿದರು. ವಾಹನ ಸುಮಾರು ಶೇ. 20ರಷ್ಟು ಕಡಿಮೆ ಆಯಿತು. ಸೆಪ್ಟೆಂಬರ್‌ನಲ್ಲಿ ಜನಮತ ಕೇಳಿದರು. ನಗರದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ ಒಪ್ಪಿದರು. 2007ರಲ್ಲಿ ಅದು ಕಾಯಂ ಆಯಿತು.

ಇಲ್ಲಿ ಗಮನಿಸಬೇಕಾದದ್ದು ಕ್ರಮ. ಮೊದಲು ಮಾಡಿ ತೋರಿಸಿದರು. ಮುಗಿಯುವ ತಾರೀಕನ್ನು ಮೊದಲೇ ಹೇಳಿದ್ದರು. ಆ ಮೇಲೆ ಕೇಳಿದರು. ಶುಲ್ಕಕ್ಕೆ ಮೊದಲೇ ಹೆಚ್ಚುವರಿ ಬಸ್ಸು ಬಿಟ್ಟಿದ್ದರು. ನಮ್ಮಲ್ಲಿ ಹಂಪನಕಟ್ಟೆಯ ಸುತ್ತ ಏಕಮುಖ ಸಂಚಾರ ತಂದಾಗ ಎದ್ದ ಬೊಬ್ಬೆ ನೆನಪಿಸಿಕೊಳ್ಳಿ. ಪ್ರಾಯೋಗಿಕ ಎಂದು ಬೋರ್ಡು ಹಾಕುತ್ತಾರೆ. ಪ್ರಯೋಗ ಯಾವಾಗ ಮುಗಿಯುತ್ತದೆ, ಯಾವ ಅಂಕಿ ನೋಡಿ ತೀರ್ಮಾನಿಸುತ್ತಾರೆ ಎಂದು ಮಾತ್ರ ಬರೆಯುವುದಿಲ್ಲ.

ನನ್ನ ಅಭಿಪ್ರಾಯ ಎಲ್ಲಿ ಹೇಳಿದರೆ ಉಪಯೋಗ?

ಮೊದಲು ರಸ್ತೆ ಯಾರದ್ದು ಎಂದು ನೋಡಿ. ರಾಷ್ಟ್ರೀಯ ಹೆದ್ದಾರಿ 66ರ ಹೊಂಡಕ್ಕೆ ಪಾಲಿಕೆಯನ್ನು ಬೈದು ಪ್ರಯೋಜನ ಇಲ್ಲ. ಅದು ಹೆದ್ದಾರಿ ಪ್ರಾಧಿಕಾರದ್ದು. ಜಿಲ್ಲಾ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಒಳರಸ್ತೆ ಪಾಲಿಕೆ, ನಗರಸಭೆ ಅಥವಾ ಪಂಚಾಯತಿನದ್ದು. ಮಂಗಳೂರು ಪಾಲಿಕೆಯಲ್ಲಿ 2019ರ ನವೆಂಬರ್‌ನಲ್ಲಿ ಆರಿಸಿ ಬಂದವರ ಅವಧಿ 2025ರ ಫೆಬ್ರವರಿಗೆ ಮುಗಿಯಿತು. ಕಾರ್ಪೊರೇಟರ್ ಇಲ್ಲದಾಗ ಅರ್ಜಿ ನೇರ ಆಯುಕ್ತರಿಗೆ ಹೋಗಬೇಕು.

ಬಸ್ಸಿನ ಪರ್ಮಿಟ್, ರೂಟ್, ಟೈಮಿಂಗ್ ತೀರ್ಮಾನಿಸುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಟ್ರಿಪ್ ಕಟ್ ಬಗ್ಗೆ ದೂರು ಕೊಡುವಾಗ "ಬಸ್ಸು ಬರುವುದಿಲ್ಲ" ಎಂದಷ್ಟೇ ಬರೆಯಬೇಡಿ. ರೂಟ್ ನಂಬರ್, ಬರಬೇಕಾದ ಸಮಯ, ಬಾರದ ದಿನಗಳ ಪಟ್ಟಿ ಕೊಡಿ. ಪರ್ಮಿಟ್‌ನಲ್ಲಿ ಆ ಟ್ರಿಪ್ ಇದೆಯೇ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಇಂಥ ಒಂದು ಕಾಗದದ ಮುಂದೆ ಸಾವಿರ ಲೈಕು ಬಿದ್ದ ಪೋಸ್ಟ್‌ಗೆ ತೂಕ ಇಲ್ಲ.

ಜಾಗ ಬಿಟ್ಟುಕೊಡುವವರ ಮಾತಿಗೆ ಬೆಲೆ ಇದೆಯಾ?

ಕಾನೂನಿನಲ್ಲಿ ಇದೆ. ರಾಷ್ಟ್ರೀಯ ಹೆದ್ದಾರಿ ಕಾಯ್ದೆ, 1956ರ ಪ್ರಕಾರ ಅಧಿಸೂಚನೆ ಪ್ರಕಟವಾದ 21 ದಿನದೊಳಗೆ ಜಾಗದವರು ಆಕ್ಷೇಪ ಸಲ್ಲಿಸಬಹುದು, ಅಧಿಕಾರಿ ಅವರ ಮಾತು ಕೇಳಲೇಬೇಕು. ಕಷ್ಟ ಏನೆಂದರೆ ಅಧಿಸೂಚನೆ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಮನೆಯವರಲ್ಲಿ ಅರ್ಧ ಜನ ಮುಂಬೈಯಲ್ಲೋ ಗಲ್ಫ್‌ನಲ್ಲೋ ಇರುತ್ತಾರೆ. ಗೊತ್ತಾಗುವ ಹೊತ್ತಿಗೆ ದಿನ ಕಳೆದಿರುತ್ತದೆ. ನಿಮ್ಮ ಸಮೀಕ್ಷೆ ಹೆದ್ದಾರಿ ಬದಿಯದ್ದಾದರೆ ಜಾಗದವರ ಸರ್ವೆ ನಂಬರ್ ಗುರುತು ಹಾಕಿಕೊಂಡು ಅವರಿಗೆ ಒಂದು ಫೋನ್ ಮಾಡಿಬಿಡಿ.

ಸಮೀಕ್ಷೆ ಮುಗಿದ ಮೇಲೆ ಏನು ಮಾಡಬೇಕು?

ಬಂದ ಉತ್ತರಗಳನ್ನು ಹೆಸರು ತೆಗೆದು ಹಾಗೆಯೇ ಎಲ್ಲರಿಗೂ ಕಾಣುವಲ್ಲಿ ಹಾಕಿ. ಉತ್ತರ ಕೊಟ್ಟವರಿಗೆ ಮರಳಿ ತಿಳಿಸಿ. ಬಸ್ ಸ್ಟಾಪಿನಲ್ಲಿ ಕೇಳಿದ್ದರೆ ಅದೇ ಸ್ಟಾಪಿನಲ್ಲಿ ಒಂದು ಹಾಳೆ ಅಂಟಿಸಿ: ಇಷ್ಟು ಜನ ಇದನ್ನು ಕೇಳಿದರು, ಇಂಥ ದಿನ ಇಂಥ ಕಚೇರಿಗೆ ಕೊಟ್ಟಿದ್ದೇವೆ, ಅವರು ಹೇಳಿದ್ದು ಇದು. ಅವರು ಏನೂ ಹೇಳದಿದ್ದರೆ ಅದನ್ನೂ ಬರೆಯಿರಿ. ಮುಂದಿನ ವರ್ಷ ಅದೇ ತಿಂಗಳು, ಅದೇ ಪ್ರಶ್ನೆ ಹಿಡಿದು ಅದೇ ಸ್ಟಾಪಿಗೆ ಮತ್ತೆ ಹೋಗಿ. ಪ್ರಶ್ನೆಯ ಮಾತು ಬದಲಿಸಬೇಡಿ, ಬದಲಿಸಿದರೆ ಹೋಲಿಸಲು ಆಗುವುದಿಲ್ಲ. ಹಾಳೆಗೆ ಪ್ಲಾಸ್ಟಿಕ್ ಹೊದಿಸಿ, ಜೂನ್ ಬಂದರೆ ಉಳಿಯುವುದಿಲ್ಲ.